ವಜ್ರಮುನಿಯಂತೆ ಗುಡುಗದ ವಿಲನ್: ಬಿದನೂರಿನ ನಿಂಬಯ್ಯ!

ವಿಲನ್ ಅಂದ್ರೆ ಯಾರು ಅಂತ ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ಕೇಳಿ ನೋಡಿ. ಮೊದಲು ಬರುವ ಹೆಸರು ವಜ್ರಮುನಿ! ನ್ಯಾಯವೇ. ‘ಪ್ರಚಂಡ ರಾವಣ’ ನಾಟಕದಲ್ಲಿ ಅಬ್ಬರಿಸಿ, 1969ರ ‘ಮಲ್ಲಮ್ಮನ ಪವಾಡ’ದಿಂದ ತೆರೆಗೆ ಬಂದ ಆ ನಟ 2006ರಲ್ಲಿ ಕಣ್ಮುಚ್ಚಿದರು. ಆ ಗುಡುಗು ಮಾತ್ರ ಯಾರಿಗೆ ಮರೆತೀತು? ಆದರೆ ಒಂದು ಮಾತು. ‘ಸಂಪತ್ತಿಗೆ ಸವಾಲ್’ನ ಸಾಹುಕಾರ ತೆರೆಯ ಮೇಲೆ ಕಾಲಿಟ್ಟರೆ ಸಾಕು, ಗಾಂಧಿ ಕ್ಲಾಸಿನ ಹುಡುಗನಿಗೂ ಗೊತ್ತು, ಇವನೇ ಕೆಟ್ಟವನು ಅಂತ. ಕೆಟ್ಟವನು ಯಾರೆಂದು ಗೊತ್ತಾದರೆ ಅರ್ಧ ಅಪಾಯ ಕಳೆದ ಹಾಗೆ!

ನಾನು ಹೇಳಹೊರಟ ವಿಲನ್ ಹಾಗಲ್ಲ. ಅವನ ಹೆಸರು ನಿಂಬಯ್ಯ. ಕುವೆಂಪು ಅವರ ‘ರಕ್ತಾಕ್ಷಿ’ ಎಂಬ ದುರಂತ ನಾಟಕದವನು. ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ನಲ್ಲಿ ಅಣ್ಣನ ಕಿವಿಗೆ ವಿಷ ಸುರಿದು, ಅತ್ತಿಗೆಯನ್ನೂ ಸಿಂಹಾಸನವನ್ನೂ ಹೊಡೆದುಕೊಂಡ ಕ್ಲಾಡಿಯಸ್ ಇದ್ದಾನಲ್ಲ, ಅವನನ್ನು ಕುವೆಂಪು ಡೆನ್ಮಾರ್ಕಿನಿಂದ ಎಬ್ಬಿಸಿ ತಂದು ಬಿದನೂರಿನ ಅರಮನೆಯಲ್ಲಿ ಕೂರಿಸಿದರು. ಶಿಕಾರಿಪುರ, ಸೊರಬದವರಿಗೆ ಇದು ದೂರದ ಕಥೆಯಲ್ಲ ಸ್ವಾಮಿ! ಈ ಸೀಮೆ ಕೆಳದಿ ಅರಸರದು; ಬಿದನೂರು ಅವರ ರಾಜಧಾನಿ.

ನಿಂಬಯ್ಯನ ಕಣ್ಣು ಗದ್ದುಗೆಯ ಮೇಲೆ. ಅದಕ್ಕೆ ರಾಣಿಯ ಮೋಹವೇ ಮೆಟ್ಟಿಲು, ಮನೆಯವರ ನಂಬಿಕೆಯೇ ಆಯುಧ.

ಇಂಥವನಿಗೆ ಪಶ್ಚಾತ್ತಾಪ ಆಗೋದಿಲ್ವೇ? ಷೇಕ್ಸ್‌ಪಿಯರ್ ಅದಕ್ಕೂ ಒಂದು ದೃಶ್ಯ ಇಟ್ಟಿದ್ದಾನೆ. ಕ್ಲಾಡಿಯಸ್ ಒಬ್ಬನೇ ಮೊಣಕಾಲೂರಿ ದೇವರ ಮುಂದೆ ಕೂರುತ್ತಾನೆ. ಪಾಪ ಮಾಡಿದೆ ಅಂತ ಗೊತ್ತು. ಆದರೆ ಕಿರೀಟ ಬಿಡಲಾರ, ರಾಣಿಯನ್ನೂ ಬಿಡಲಾರ! ಕದ್ದ ಮಾಲು ಬಗಲಲ್ಲಿಟ್ಟುಕೊಂಡು ಕೈ ಮುಗಿದರೆ ಯಾವ ದೇವರು ಕೇಳಿಯಾನು? ನನಗಂತೂ ಈ ದೃಶ್ಯ ಹತ್ತು ಫೈಟಿಗಿಂತ ಭಯಂಕರ.

ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕದ ಹುಡುಗನಿಗೆ ಈ ಕಥೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ: “ಅಣ್ಣಾ, ಅಪ್ಪ ತೀರಿಕೊಂಡ ಮೇಲೆ ನಮ್ಮ ಚಿಕ್ಕಪ್ಪನೂ ಹೀಗೇ. ತಲೆ ಸವರ್ತಾ ಸವರ್ತಾನೇ ಅಮ್ಮನ ಹತ್ರ ಜಮೀನಿನ ಕಾಗದಕ್ಕೆ ಸಹಿ ಹಾಕಿಸ್ಕೊಂಡ. ಈಗ ಆ ಗದ್ದೇಲಿ ನಾನೇ ಕೂಲಿ.” ನನಗೆ ಮಾತು ಹೊರಡಲಿಲ್ಲ.

ಕುವೆಂಪು ಅವರ ಚಮತ್ಕಾರ ಇನ್ನೊಂದಿದೆ. ಷೇಕ್ಸ್‌ಪಿಯರನ ಒಫೀಲಿಯಾ ಹುಚ್ಚಾಗಿ ನೀರುಪಾಲಾಗುತ್ತಾಳೆ. ಇಲ್ಲಿ ಅವಳ ಜಾಗದಲ್ಲಿರುವ ರುದ್ರಾಂಬೆ ಹಾಗೆ ಸುಮ್ಮನೆ ಸಾಯುವವಳಲ್ಲ. ಸೇಡಿನ ಕಿಡಿ ಕಣ್ಣಿಗೇರಿ ರಕ್ತಾಕ್ಷಿಯಾಗುತ್ತಾಳೆ! ನಾಟಕಕ್ಕೆ ಹೆಸರು ಬಂದದ್ದೇ ಅವಳಿಂದ.

ಇದು ನಾಟಕದ ಮಾತಾಯಿತು. ನಿಜವಾದ ಬಿದನೂರಿನ ಗತಿ? 1763ರಲ್ಲಿ ಹೈದರಾಲಿ ದಂಡೆತ್ತಿ ಬಂದ. ಸುತ್ತ ದಟ್ಟ ಕಾಡು, ಬೆಟ್ಟ. ಕುಂಸಿಯಲ್ಲಿ ಸೆರೆಯಲ್ಲಿದ್ದ ಅದೇ ಸಂಸ್ಥಾನದ ಮಾಜಿ ಮಂತ್ರಿಯೇ ಅವನಿಗೆ ಗುಟ್ಟಿನ ದಾರಿ ತೋರಿದನೆಂದು ಚರಿತ್ರೆ ಬರೆದವರು ಹೇಳುತ್ತಾರೆ. ಎಷ್ಟು ದೊಡ್ಡ ಬೀಗ ಹಾಕಿದರೇನು, ಬೀಗದ ಕೈ ಮನೆಯವನ ಸೊಂಟದಲ್ಲೇ ಇತ್ತು!

ಆದ್ದರಿಂದ ಗೆಳೆಯರೇ, ಗುಡುಗುವ ಸಾಹುಕಾರನಿಗೆ ಶಿಳ್ಳೆ ಹೊಡೆಯಿರಿ, ಬೇಡ ಅನ್ನಲ್ಲ. ಮನೆಗೆ ಹೋದ ಮೇಲೆ ಮಾತ್ರ, ಯಾರೇ ತಲೆ ಸವರಿ ಕಾಗದ ಮುಂದಿಟ್ಟರೂ ಪೂರ್ತಿ ಓದಿ ಸಹಿ ಹಾಕಿ!