ನ್ಯಾಯಾಲಯದ ಮುಂದಿನ ಅಶ್ವಾರೋಹಿ

ಪ್ರತಿಮೆಯೆಂಬುದು ಕಲ್ಲಿನಲ್ಲಿಯೋ ಲೋಹದಲ್ಲಿಯೋ ಆಡಿದ ಮಾತು. ಊರಿನ ಚೌಕದಲ್ಲಿ ಅದು ಹೇಳುವ ಮಾತು ಒಂದು; ನ್ಯಾಯಾಲಯದ ಬಾಗಿಲಲ್ಲಿ ನಿಂತಾಗ ಹೇಳುವ ಮಾತು ಇನ್ನೊಂದು. ಕಕ್ಷಿಗಾರನು ನ್ಯಾಯಾಧೀಶರ ಮುಖವನ್ನು ಕಾಣುವುದಕ್ಕೆ ಮೊದಲು ಅದನ್ನು ಕಾಣುತ್ತಾನೆ. ಒಳಗೆ ತನಗೆ ಎಂತಹ ಬರವು ಕಾದಿದೆಯೆಂಬುದನ್ನು ಅದರಿಂದ ಊಹಿಸಿಕೊಳ್ಳುತ್ತಾನೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿಗಳಿಂದ ಮೇಲ್ಮನವಿ ಹೊತ್ತು ಹೋದವರು ಬಹುಕಾಲ ಕಂಡ ಅಂತಹ ಒಂದು ಪ್ರತಿಮೆಯ ವಿಷಯವಾಗಿ ನಾವು ಈಗ ವಿಚಾರ ಮಾಡೋಣ.

ಬೆಂಗಳೂರಿನ ಅಠಾರಾ ಕಚೇರಿಯ ಕೆಂಪು ಕಟ್ಟಡವು 1868ರಲ್ಲಿ ಪೂರ್ಣವಾಯಿತು. ಸರ್ಕಾರದ ಹದಿನೆಂಟು ಇಲಾಖೆಗಳಿಗಾಗಿ ಕಟ್ಟಿದ್ದರಿಂದ ಅದಕ್ಕೆ ಆ ಹೆಸರು. ತರುವಾಯ ಅದೇ ಹೈಕೋರ್ಟಿನ ಮನೆಯಾಯಿತು. ಅದರ ಕಂಬಗಳು ಗ್ರೀಕರ ಅಯೋನಿಯ ಕ್ರಮದವು. ತಲೆಯ ಎರಡು ಕಡೆಗೂ ಸುರುಳಿಗಳುಳ್ಳವು. ಇದರ ಮುಂದೆ ನಿಂತಿದ್ದುದು ಸರ್ ಮಾರ್ಕ್ ಕಬ್ಬನರ ಕಂಚಿನ ಅಶ್ವಾರೂಢ ಪ್ರತಿಮೆ. ಕಬ್ಬನರು 1834ರಿಂದ 1861ರವರೆಗೆ ಮೈಸೂರಿನ ಕಮೀಷನರಾಗಿದ್ದರು. ಸ್ವದೇಶಕ್ಕೆ ಹಿಂದಿರುಗುವ ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡರು. ಪ್ರತಿಮೆಯನ್ನು ರಚಿಸಿದವನು ಟ್ಯೂರಿನ್‌ನಲ್ಲಿ ಹುಟ್ಟಿದ ಕಾರ್ಲೋ ಮರೊಕೆಟ್ಟಿ. ಲಂಡನ್ನಿನ ಪಾರ್ಲಿಮೆಂಟ್ ಭವನದ ಹೊರಗೆ ಖಡ್ಗವೆತ್ತಿ ಕುಳಿತಿರುವ ಸಿಂಹಹೃದಯ ರಿಚರ್ಡನೂ ಇವನ ಕೈಯವನೇ. ಕಬ್ಬನರ ಪ್ರತಿಮೆ ಬೆಂಗಳೂರಿನಲ್ಲಿ 1866ರಲ್ಲಿ ಅನಾವರಣಗೊಂಡಿತು.

ಈ ರೂಪದ ಮೂಲವು ರೋಮಿನಲ್ಲಿದೆ. ಕ್ರಿಸ್ತಶಕ ಎರಡನೆಯ ಶತಮಾನದ ಚಕ್ರವರ್ತಿ ಮಾರ್ಕಸ್ ಔರೇಲಿಯಸನ ಕಂಚಿನ ಪ್ರತಿಮೆಯಲ್ಲಿ ಕುದುರೆ ಒಂದು ಕಾಲನ್ನೆತ್ತಿದೆ. ಸವಾರನು ಬಲಗೈಯನ್ನು ಮುಂದಕ್ಕೆ ಚಾಚಿದ್ದಾನೆ. ಯುರೋಪಿನ ಶಿಲ್ಪಿಗಳು ಶತಮಾನಗಳ ಕಾಲ ಇದನ್ನೇ ಆದರ್ಶವೆಂದು ಭಾವಿಸಿದರು. ಇದರ ತಂತ್ರ ಸರಳವಾದುದು. ಪೀಠವು ನೋಡುವವನ ತಲೆಯನ್ನು ಮೀರುತ್ತದೆ. ಕುದುರೆ ಪೀಠವನ್ನು ಮೀರುತ್ತದೆ. ಸವಾರನು ಕುದುರೆಯನ್ನು ಮೀರುತ್ತಾನೆ. ಅಷ್ಟು ಬಲವುಳ್ಳ ಪ್ರಾಣಿಯನ್ನು ಲಗಾಮಿನಲ್ಲಿ ಹಿಡಿದವನು ನಾಡನ್ನೂ ಹಿಡಿದಾನೆಂಬುದು ಅದರ ತಾತ್ಪರ್ಯ. ಅದು ಪ್ರಭುತ್ವದ ಭಾಷೆ, ನ್ಯಾಯದ ಭಾಷೆಯಲ್ಲ.

ಕುದುರೆಯೇರಿದ ವೀರನು ನಮ್ಮ ನಾಡಿಗೆ ಹೊಸಬನೇನೂ ಅಲ್ಲ. ಕನ್ನಡನಾಡಿನ ಊರೂರಿನಲ್ಲಿ ವೀರಗಲ್ಲುಗಳಿವೆ. ಆದರೆ ಅವು ನೆಲದ ಮೇಲೆಯೇ, ನೋಡುವವನ ಮಟ್ಟದಲ್ಲಿಯೇ ನಿಲ್ಲುತ್ತವೆ. ತುರುಗಳಿಗಾಗಿ, ಊರಿಗಾಗಿ ಪ್ರಾಣ ಕೊಟ್ಟವನನ್ನು ನೆನೆಯುತ್ತವೆ, ಆಳಿದವನನ್ನಲ್ಲ. ಯಲಬುರ್ಗಿ ಸೀಮೆಯ ಇಟಗಿಯಲ್ಲಿ 1112ರಲ್ಲಿ ಮಹಾದೇವ ದೇವಾಲಯವನ್ನು ಕಟ್ಟಿಸಿದ ಮಹಾದೇವನು ಆರನೆಯ ವಿಕ್ರಮಾದಿತ್ಯನ ದಂಡನಾಯಕ. ಅವನ ಕೀರ್ತಿ ಕುದುರೆಯ ಮೇಲೆ ಕುಳಿತು ಉಳಿಯಲಿಲ್ಲ. ‘ದೇವಾಲಯ ಚಕ್ರವರ್ತಿ’ ಎಂದು ಆ ಗುಡಿಯನ್ನು ಹೊಗಳಿದ ಶಾಸನದಲ್ಲಿ ಉಳಿಯಿತು.

ಕಬ್ಬನರು ದಕ್ಷ ಆಡಳಿತಗಾರರಾಗಿದ್ದರು. ಮೈಸೂರು ಅವರನ್ನು ನೆನೆದುದರಲ್ಲಿ ತಪ್ಪಿಲ್ಲ. ಆದರೆ ಕೊಪ್ಪಳದ ಸೀಮೆ ಅವರ ಅಧಿಕಾರಕ್ಕೆ ಒಳಪಟ್ಟದ್ದೇ ಅಲ್ಲ. ಅದು ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದಿತು; ಕೊಪ್ಪಳವಂತೂ ಸಾಲಾರ್ ಜಂಗ್ ಮನೆತನದ ಜಹಗೀರು. 1956ರ ನವೆಂಬರ್ 1ರಂದು ಈ ತಾಲ್ಲೂಕುಗಳು ವಿಶಾಲ ಮೈಸೂರಿಗೆ ಸೇರಿದ ಬಳಿಕ ಇಲ್ಲಿಯ ರೈತನು ಹೊಲದ ವ್ಯಾಜ್ಯಕ್ಕಾಗಿ ಬೆಂಗಳೂರಿಗೆ ಹೋಗಬೇಕಾಯಿತು. ಅಲ್ಲಿ ಅವನ ಹಕ್ಕನ್ನು ಕಾಯುವ ಮನೆಯ ಮುಂದೆ, ತನ್ನ ತಾತನೂ ಅರಿಯದ ಪ್ರಭುವೊಬ್ಬನು ಕುದುರೆಯ ಮೇಲಿದ್ದನು. ‘ಬೇಡಿಕೊಳ್ಳಲು ಬಂದೆನೋ, ಕೇಳಲು ಬಂದೆನೋ’ ಎಂಬ ಸಂದೇಹ ಹುಟ್ಟಿದ್ದರೆ ಅದು ಸಹಜವೇ.

ಹಾಗಾದರೆ ನ್ಯಾಯಕ್ಕೆ ಒಪ್ಪುವ ರೂಪ ಯಾವುದು? ರೋಮನರ ಜಸ್ಟಿಷಿಯಾ ದೇವಿಯ ಕೈಯಲ್ಲಿ ತಕ್ಕಡಿಯಿದ್ದಿತು. ಕಣ್ಣಿಗೆ ಪಟ್ಟಿ ಇರಲಿಲ್ಲ. 1494ರಲ್ಲಿ ಬಾಸೆಲ್ ನಗರದಲ್ಲಿ ಅಚ್ಚಾದ ‘ಮೂರ್ಖರ ಹಡಗು’ ಎಂಬ ಗ್ರಂಥದ ಚಿತ್ರದಲ್ಲಿ ಮೂರ್ಖನೊಬ್ಬನು ಅವಳ ಕಣ್ಣು ಕಟ್ಟುತ್ತಾನೆ. ಅದು ವ್ಯಾಜ್ಯಗಳ ಹುಚ್ಚಿನ ಪರಿಹಾಸ್ಯ. ಪರಿಹಾಸ್ಯವೇ ಕಾಲಕ್ರಮದಲ್ಲಿ ನಿಷ್ಪಕ್ಷಪಾತದ ಚಿಹ್ನೆಯಾಯಿತು. ದೆಹಲಿಯ ಸುಪ್ರೀಂ ಕೋರ್ಟಿನ ಗ್ರಂಥಾಲಯದಲ್ಲಿ 2024ರಲ್ಲಿ ಬೆಳಕಿಗೆ ಬಂದ ಪ್ರತಿಮೆಯಲ್ಲಿ ದೇವಿ ಸೀರೆಯುಟ್ಟು ಕಣ್ಣು ತೆರೆದಿದ್ದಾಳೆ. ಖಡ್ಗದ ಸ್ಥಳದಲ್ಲಿ ಸಂವಿಧಾನವನ್ನು ಹಿಡಿದಿದ್ದಾಳೆ. ರೂಪಗಳು ಹೀಗೆ ಬದಲಾಗಬಲ್ಲವು. ಬದಲಾದಾಗ ಮಾತೂ ಬದಲಾಗುತ್ತದೆ.

ಕಬ್ಬನರ ಪ್ರತಿಮೆಯನ್ನು 2020ರ ಜೂನ್ ತಿಂಗಳಲ್ಲಿ ಕಬ್ಬನ್ ಪಾರ್ಕಿಗೆ ಸಾಗಿಸಿದರು. ಕಬ್ಬನರ ಸ್ಮಾರಕವು ಅವರ ಹೆಸರಿನ ಉದ್ಯಾನಕ್ಕೆ ಹೋದುದು ಉಚಿತವೇ. ಒಳ್ಳೆಯ ಕಲಾಕೃತಿ ನಾಶವಾಗದೆ ಉಳಿಯಿತು. ಅದಕ್ಕೆ ಮುನ್ನವೇ, 2008ರಲ್ಲಿ, ಧಾರವಾಡದಲ್ಲಿ ಹೈಕೋರ್ಟಿನ ಪೀಠ ಆರಂಭವಾಗಿ ಕೊಪ್ಪಳದವರ ದಾರಿ ಮೊಟಕಾಗಿದ್ದಿತು.

ನ್ಯಾಯದ ಬಾಗಿಲಿಗೆ ಒಪ್ಪುವ ಮಾತನ್ನು ಹುಡುಕಲು ರೋಮಿಗೆ ಹೋಗಬೇಕಾಗಿಲ್ಲ. ಕೊಪ್ಪಳದ ಗವಿಮಠದ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಅದರಲ್ಲಿ ಸಾಮ್ರಾಟನ ಮೂರ್ತಿಯಿಲ್ಲ, ಕುದುರೆಯಿಲ್ಲ. ಪ್ರಯತ್ನದ ಫಲವು ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ದೊರೆಯುವುದೆಂಬ ಅಭಿಪ್ರಾಯ ಅದರಲ್ಲಿದೆ. ಧರ್ಮದ ವಿಷಯವಾಗಿ ಹೇಳಿದ ಮಾತಾದರೂ, ಸಣ್ಣವನು ತಲೆಯೆತ್ತಿ ಒಳಗೆ ಬರಬೇಕಾದ ಮನೆಯ ಹೊಸ್ತಿಲಿಗೆ ಅದಕ್ಕಿಂತ ಒಪ್ಪುವ ಮಾತು ಬೇರೊಂದಿಲ್ಲವೆಂದು ನಾವು ಭಾವಿಸುತ್ತೇವೆ.