ಮನೆಪಾಠವೂ ಬುದ್ಧಿಯಂತ್ರವೂ

ಬೆಂಗಳೂರಿನಿಂದ ಮೈಸೂರಿಗೆ ಹೋಗುವವರಿಗೆ ಚನ್ನಪಟ್ಟಣ ದಾಟಿದ ಮೇಲೆ, ಮದ್ದೂರಿಗೆ ಮೊದಲು ಸಿಕ್ಕುವ ಊರು ನಿಡಘಟ್ಟ. ದಶಪಥ ರಸ್ತೆಯ ಕೆಲಸವನ್ನು ಎರಡು ಭಾಗ ಮಾಡಿದಾಗ ಒಂದರ ಕೊನೆಯೂ ಇನ್ನೊಂದರ ಮೊದಲೂ ಈ ಊರೇ ಆಗಿದ್ದಿತು. ಆ ರಸ್ತೆಯ ಉದ್ಘಾಟನೆ 2023ರ ಮಾರ್ಚ್ ತಿಂಗಳಲ್ಲಿ ನಡೆಯಿತು. ಅದಕ್ಕೆ ಕೆಲವೇ ತಿಂಗಳ ಹಿಂದೆ, 2022ರ ನವೆಂಬರಿನಲ್ಲಿ, ಚಾಟ್‌ಜಿಪಿಟಿ ಎಂಬ ಕೃತಕ ಬುದ್ಧಿಮತ್ತೆಯ ಸಾಧನ ಲೋಕಕ್ಕೆ ಪರಿಚಯವಾಯಿತು. ರಸ್ತೆ ಊರಿನ ಪಕ್ಕದಲ್ಲಿ ಹಾದುಹೋಯಿತು. ಈ ಜಾತಿಯ ಸಾಧನಗಳಾದರೋ ಮೊಬೈಲಿನ ಮೂಲಕ ಮನೆಯೊಳಕ್ಕೇ ಬಂದುವು.

ಆ ಊರಿನ ಒಂದು ಮನೆಯ ಜಗಲಿಯಲ್ಲಿ ನಾವು ಒಂದು ಸಂಜೆ ಕುಳಿತಿದ್ದೆವು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ತಾಯಿಯ ಮೊಬೈಲಿಗೆ ಲೆಕ್ಕ ಹೇಳುತ್ತಿದ್ದಳು: 2 ಎಕರೆ 10 ಗುಂಟೆ ಜಮೀನನ್ನು ಮೂವರಿಗೆ ಸಮನಾಗಿ ಹಂಚಿದರೆ ಒಬ್ಬೊಬ್ಬರಿಗೆ ಎಷ್ಟು? ಕ್ಷಣದಲ್ಲಿ 30 ಗುಂಟೆ ಎಂಬ ಉತ್ತರ ಬಂದಿತು. ಹುಡುಗಿ ಅದನ್ನು ಬರೆದುಕೊಂಡು ಪುಸ್ತಕ ಮುಚ್ಚಿದಳು.

“ಅದು ಹ್ಯಾಗಾಯ್ತವ್ವ?” ಎಂದು ತಾತ ಕೇಳಿದರು. ಹುಡುಗಿ ಸುಮ್ಮನಾದಳು.

“ಎಕರೆಗೆ ನಲವತ್ತು ಗುಂಟೆ. ಎರಡು ಎಕರೆಗೆ?”

“ಎಂಬತ್ತು.”

“ಮ್ಯಾಲೆ ಹತ್ತು?”

“ತೊಂಬತ್ತು! ಮೂರರಿಂದ ಭಾಗಿಸಿದ್ರೆ ಮೂವತ್ತು ತಾತ!” ಎಂದಳು. ಉಳಿದುದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ.

ಆ ದಿನ ಯಂತ್ರದ ಉತ್ತರ ಸರಿಯಾಗಿಯೇ ಇದ್ದಿತು. ಆದರೆ ಇವು ತಪ್ಪನ್ನೂ ಅಷ್ಟೇ ಧೈರ್ಯದಿಂದ ಹೇಳಬಲ್ಲವು. ಅಪಾರವಾದ ಬರಹದಿಂದ ತರಬೇತಿ ಕೊಟ್ಟು, ಒಂದು ಮಾತಿನ ಮುಂದೆ ಯಾವ ಮಾತು ಬರತಕ್ಕುದೆಂದು ಊಹಿಸುವಂತೆ ಇವನ್ನು ಸಿದ್ಧಪಡಿಸಿರುತ್ತಾರೆ. 2 ಎಕರೆ 10 ಗುಂಟೆಯನ್ನು 2.10 ಎಕರೆಯೆಂದು ಎಣಿಸಿದರೆ ಒಬ್ಬರ ಪಾಲು 28 ಗುಂಟೆಯಾಗುವುದು. ಒಟ್ಟು 6 ಗುಂಟೆ ನೆಲ ಲೆಕ್ಕದಲ್ಲಿಯೇ ಮಾಯವಾಗುವುದು. ದಾರಿ ಬಲ್ಲ ಮಗು ಈ ತಪ್ಪನ್ನು ಹಿಡಿಯುವುದು. ಉತ್ತರವನ್ನು ಮಾತ್ರ ಎತ್ತಿಕೊಂಡ ಮಗು ಮುಂದೆ ಪಾಲುಪತ್ರಕ್ಕೂ ಕಣ್ಣುಮುಚ್ಚಿ ರುಜು ಹಾಕೀತು.

ಇದು ಬರಿಯ ಅಂಜಿಕೆಯಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ವಿದ್ವಾಂಸರು ತುರ್ಕಿಯ ಒಂದು ಪ್ರೌಢಶಾಲೆಯಲ್ಲಿ ಸುಮಾರು 1000 ಮಕ್ಕಳ ಮೇಲೆ ಗಣಿತದ ಪ್ರಯೋಗ ನಡೆಸಿದರು. ಕೇಳಿದ ಕೂಡಲೇ ಉತ್ತರ ಕೊಡುವ ಯಂತ್ರವಿದ್ದವರು ಅಭ್ಯಾಸದ ಲೆಕ್ಕಗಳನ್ನು ಶೇಕಡ 48ರಷ್ಟು ಚೆನ್ನಾಗಿ ಮಾಡಿದರು. ಯಂತ್ರವನ್ನು ತೆಗೆದಿಟ್ಟು ಪರೀಕ್ಷೆ ಮಾಡಿದಾಗ, ಅದನ್ನು ಕಾಣದಿದ್ದ ಮಕ್ಕಳಿಗಿಂತ ಶೇಕಡ 17ರಷ್ಟು ಹಿಂದೆ ಬಿದ್ದರು! ಉತ್ತರ ಹೇಳದೆ ಸೂಚನೆ ಮಾತ್ರ ಕೊಡುವ ಯಂತ್ರವಿದ್ದವರಿಗೆ ಈ ಹಾನಿ ಬಹುಮಟ್ಟಿಗೆ ತಪ್ಪಿತು. ಕೆಡುಕಾಗಲಿ ಒಳಿತಾಗಲಿ ಉಪಯೋಗಿಸುವ ಕ್ರಮದಲ್ಲಿದೆಯೆಂಬುದು ಇದರಿಂದ ಸ್ಪಷ್ಟ.

ಹಾಗಾದರೆ ಗೃಹಸ್ಥರು ಮಾಡಬೇಕಾದುದೇನು? ಮೊದಲು ಮಗು ತಾನೇ ಲೆಕ್ಕ ಮಾಡಲಿ; ತಪ್ಪಾದರೂ ಚಿಂತೆಯಿಲ್ಲ. ಆಮೇಲೆ “ಉತ್ತರ ಹೇಳಬೇಡ, ನಾನು ಎಲ್ಲಿ ತಪ್ಪಿದೆನೆಂದು ಮಾತ್ರ ತೋರಿಸು” ಎಂದು ಯಂತ್ರವನ್ನು ಕೇಳಲಿ. ಕನ್ನಡದಲ್ಲಿಯೇ ಕೇಳಬಹುದು. ಪ್ರಶ್ನೆ ಕೇಳುತ್ತ ಕಲಿಸುವ ಏರ್ಪಾಡೊಂದನ್ನು ಚಾಟ್‌ಜಿಪಿಟಿಯವರು 2025ರ ಜುಲೈಯಲ್ಲಿ ಸೇರಿಸಿದ್ದಾರೆ. 13 ವರ್ಷ ತುಂಬದ ಮಕ್ಕಳಿಗೆ ಅದು ಸಲ್ಲದು, 18 ತುಂಬುವವರೆಗೆ ಹೆತ್ತವರ ಒಪ್ಪಿಗೆ ಬೇಕು ಎಂಬ ನಿಯಮವನ್ನೂ ಮನೆಯವರು ನೆನಪಿನಲ್ಲಿಡಬೇಕು. ಕೊನೆಗೆ ಪುಸ್ತಕ ಮುಚ್ಚಿ, ತಾನು ಕಲಿತುದನ್ನು ಮಗು ಮನೆಯವರಿಗೆ ಬಾಯಲ್ಲಿ ಹೇಳಲಿ. ಇದನ್ನು ಕೇಳಲು ತಾಯಿತಂದೆಗಳು ಹೆಚ್ಚು ಓದಿರಬೇಕಾಗಿಲ್ಲ. “ಅದು ಹ್ಯಾಗಾಯ್ತು?” ಎಂಬ ಆ ತಾತನ ಒಂದು ಪ್ರಶ್ನೆ ಸಾಕು.

ಮಂಡ್ಯದ ಸೀಮೆಯವರಿಗೆ ಆಲೆಮನೆ ಹೊಸದಲ್ಲ. ಅಚ್ಚುಬೆಲ್ಲವನ್ನು ದುಡ್ಡು ಕೊಟ್ಟವರೆಲ್ಲರೂ ಕೊಳ್ಳಬಹುದು. ಪಾಕದ ಹದ ಮಾತ್ರ ಕೊಪ್ಪರಿಗೆಯ ಮುಂದೆ ಬೆವರು ಸುರಿಸಿ ನಿಂತವನಿಗೇ ತಿಳಿಯುವುದು. ನಮ್ಮ ಮಕ್ಕಳು ಸ್ವಲ್ಪ ಹೊತ್ತು ಆ ಕೊಪ್ಪರಿಗೆಯ ಮುಂದೆ ನಿಲ್ಲಲಿ.