ಹೊಟೇಲೋ ನೌಕರಿಯೋ: ಮುಂಬಯಿ ಕನ್ನಡಿಗರ ಧೈರ್ಯದ ಲೆಕ್ಕಾಚಾರ

ಊರು ಬಿಟ್ಟು ಮುಂಬಯಿ ಸೇರಿದ ನಮ್ಮವರನ್ನು ಕುರಿತು ಎರಡು ಅಭಿಪ್ರಾಯಗಳು ಬಹುಕಾಲದಿಂದ ಬಳಕೆಯಲ್ಲಿವೆ. ಕಳೆದುಕೊಳ್ಳಲು ಏನೂ ಇಲ್ಲದ ವಲಸಿಗನು ಯಾವ ಸಾಹಸಕ್ಕೂ ಹಿಂಜರಿಯನು ಎಂಬುದು ಒಂದು. ಪರವೂರಿನಲ್ಲಿರುವವನು ಖಾಯಂ ನೌಕರಿಯೊಂದನ್ನು ಹಿಡಿದುಕೊಂಡರೆ ಮತ್ತೆ ಅಲುಗಾಡನು ಎಂಬುದು ಇನ್ನೊಂದು. ಘಾಟ್ಕೋಪರಿನ ಪಂತನಗರ, ಅಸಲ್ಫಾ ಮುಂತಾದೆಡೆ ನೆಲೆಸಿರುವ ನಮ್ಮ ಕುಟುಂಬಗಳನ್ನು ನೋಡಿದರೆ ಎರಡೂ ನಿಜವೆನಿಸುತ್ತವೆ. ಒಂದೇ ಮನೆಯಲ್ಲಿ ಅಣ್ಣನು ಹೊಟೇಲು ನಡೆಸುತ್ತಾನೆ, ತಮ್ಮನು ಬ್ಯಾಂಕಿನಲ್ಲಿರುತ್ತಾನೆ. ಇದು ಆಕಸ್ಮಿಕವಲ್ಲ. ಎಷ್ಟೋ ಮನೆಗಳಲ್ಲಿ ತಮ್ಮನ ಸಂಬಳದ ಭರವಸೆಯ ಮೇಲೆಯೇ ಅಣ್ಣನು ಅಂಗಡಿಗೆ ಕೈ ಹಾಕಿದ್ದು.

ಮೊದಲಿಗೆ ಹೊಟೇಲನ್ನೇ ಏಕೆ ಆರಿಸಿಕೊಂಡರು? ಉಡುಪಿ, ಕುಂದಾಪುರ, ಕಾರ್ಕಳದ ಕಡೆಯಿಂದ ಹಡಗಿನಲ್ಲಿಯೂ ಅನಂತರ ಬಸ್ಸಿನಲ್ಲಿಯೂ ಬಂದಿಳಿದ ಹುಡುಗರಿಗೆ ಮರಾಠಿಯಾಗಲಿ ಹಿಂದಿಯಾಗಲಿ ಬರುತ್ತಿರಲಿಲ್ಲ. ಊಟ ಮತ್ತು ವಸತಿ ಈ ನಗರದ ಎರಡು ದೊಡ್ಡ ಖರ್ಚುಗಳು. ಹೊಟೇಲು ಇವೆರಡನ್ನೂ ಕೊಡುತ್ತಿತ್ತು. ರಾತ್ರಿ ಬಾಗಿಲು ಹಾಕಿದ ಮೇಲೆ ಅದೇ ಮೇಜುಗಳ ಮೇಲೆ ಮಲಗಬಹುದಿತ್ತು, ಸಂಬಳವು ಬಹುಪಾಲು ಮನಿಯಾರ್ಡರಿನ ಮೂಲಕ ಊರಿಗೆ ಹೋಗುತ್ತಿತ್ತು. ನಾವು ಸಾಹಸವೆಂದು ಕೊಂಡಾಡುವ ಈ ವೃತ್ತಿ ಅಂದಿನ ಹುಡುಗನ ಪಾಲಿಗೆ ಅತ್ಯಂತ ಸುರಕ್ಷಿತವಾದ ದಾರಿಯಾಗಿತ್ತು. 1942ರಲ್ಲಿ ಮಾಟುಂಗಾದಲ್ಲಿ ಎ. ರಾಮ ನಾಯಕರು ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಂತಹ ಹೆಸರುಗಳು ಊರಿನಲ್ಲಿ ಮನೆಮಾತಾದ ಮೇಲಂತೂ ಹುಡುಗನನ್ನು ಕಳುಹಿಸುವ ತಂದೆತಾಯಿಯರ ಅಂಜಿಕೆಯೂ ಕಡಿಮೆಯಾಗಿರಬೇಕು.

ಕೆಲಸದವನು ಯಜಮಾನನಾಗುವುದು ಬೇರೆಯೇ ಮಾತು. ಇಲ್ಲಿ ನಮ್ಮ ಹೊಟೇಲಿಗರು ಬಳಸಿದ ‘ಕಂಡಕ್ಟಿಂಗ್’ ಪದ್ಧತಿಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಜಾಗ, ಪರವಾನಿಗೆ, ಪಾತ್ರೆಪರಡಿ ಎಲ್ಲವೂ ಮಾಲೀಕನವು. ನಡೆಸುವವನು ಒಂದಿಷ್ಟು ಠೇವಣಿ ಇಟ್ಟು, ದಿನಕ್ಕೋ ತಿಂಗಳಿಗೋ ಗೊತ್ತುಮಾಡಿದ ಹಣವನ್ನು ಸಲ್ಲಿಸಿ, ಉಳಿದ ಲಾಭವನ್ನು ತಾನೇ ಇಟ್ಟುಕೊಳ್ಳುತ್ತಾನೆ. ಮುಂಬಯಿಯಲ್ಲಿ ಜಾಗ ಕೊಳ್ಳಬೇಕಾದರೆ ಒಂದು ಜನ್ಮದ ದುಡಿಮೆಯೂ ಸಾಲದು. ಕಂಡಕ್ಟಿಂಗಿನಲ್ಲಿ ವ್ಯಾಪಾರ ಕೆಟ್ಟರೆ ಹೋಗುವುದು ಠೇವಣಿ ಹಾಗೂ ಒಂದೆರಡು ವರ್ಷಗಳ ಶ್ರಮ. ಸೋತವನು ಮತ್ತೆ ಮ್ಯಾನೇಜರನಾಗಿ ಗಲ್ಲದ ಮೇಲೆ ಕುಳಿತು, ನಾಲ್ಕು ವರ್ಷ ಕಳೆದು ಇನ್ನೊಂದು ಹೊಟೇಲು ಹಿಡಿಯಬಹುದು. ನಷ್ಟಕ್ಕೆ ಮೊದಲೇ ಒಂದು ಗಡಿ ಹಾಕಿಕೊಂಡು ಇಳಿಯುವ ಈ ಧೈರ್ಯವನ್ನು ಬ್ಯಾಂಕಿನವರಾದ ನಾವು ಮೆಚ್ಚದಿರಲಾರೆವು.

ಠೇವಣಿಯ ಹಣವೆಲ್ಲಿಂದ ಬಂತು? ದಕ್ಷಿಣ ಕನ್ನಡ ಬ್ಯಾಂಕುಗಳ ತವರು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲೇ ಪಿಗ್ಮಿ ಯೋಜನೆಯನ್ನು ತಂದು, ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಮನೆಬಾಗಿಲಲ್ಲಿ ಸಂಗ್ರಹಿಸಿತು. ಆ ಅಭ್ಯಾಸ ನಮ್ಮವರ ಜೊತೆ ಇಲ್ಲಿಗೂ ಬಂತು. ಸಾಲದ ವಿಷಯದಲ್ಲಿ ತೊಡಕು ಹೆಚ್ಚು. ಅಡವಿಡಲು ಮನೆಯಿಲ್ಲದವನಿಗೆ ಯಾರು ಸಾಲ ಕೊಡುತ್ತಾರೆ? ಅದಕ್ಕಾಗಿಯೇ ಸಮುದಾಯಗಳು ಸ್ವಂತ ಸಹಕಾರಿ ಬ್ಯಾಂಕುಗಳನ್ನು ಕಟ್ಟಿಕೊಂಡವು. 1906ರ ಶಾಮರಾವ್ ವಿಠಲ್, 1946ರ ಮೊಗವೀರ ಮತ್ತು 1978ರ ಭಾರತ್ ಬ್ಯಾಂಕುಗಳು ಹೀಗೆ ಬಂದವು. ಇಂತಹ ಕಡೆ ಜಾಮೀನುದಾರನು ಸಾಲಗಾರನ ಊರು, ಮನೆತನಗಳನ್ನು ಬಲ್ಲವನು. ಕಂತು ತಪ್ಪಿದರೆ ಸುದ್ದಿ ಊರಿಗೆ ತಲುಪುತ್ತಿತ್ತು, ತಂಗಿಯ ಮದುವೆಯ ಮಾತುಕತೆಗೂ ತಟ್ಟುತ್ತಿತ್ತು. ಅಡವಿನ ಪತ್ರಕ್ಕಿಂತ ಇದು ಬಿಗಿಯಾದ ಕಟ್ಟು. ಒಂದಿಷ್ಟು ಕ್ರೂರವೂ ಹೌದು.

ಘಾಟ್ಕೋಪರಿನಲ್ಲಿ ಗುಜರಾತಿ ಗ್ರಾಹಕರೇ ಅಧಿಕ, ಅವರಲ್ಲಿ ಜೈನರು ಬಹಳ. ಈರುಳ್ಳಿ, ಬೆಳ್ಳುಳ್ಳಿ, ಬಟಾಟೆ ಇಲ್ಲದೆ ಪಾವ್‌ಭಾಜಿ ಮಾಡುವುದನ್ನು ಇಲ್ಲಿನ ನಮ್ಮ ಹೊಟೇಲಿಗರು ಕಲಿತುಕೊಂಡರು. ಊರಿನ ನಮ್ಮ ಹಿರಿಯರು ಇದನ್ನು ಭಾಜಿಯೆಂದು ಒಪ್ಪುತ್ತಾರೋ ಇಲ್ಲವೋ ಹೇಳಲಾರೆವು, ಗಿರಾಕಿಗಳಂತೂ ಒಪ್ಪಿದರು. ಹೊಸ ಪ್ರಯೋಗಕ್ಕೆ ಹಳೆಯ ತಿನಿಸನ್ನು ಊರುಗೋಲಾಗಿ ಇಟ್ಟುಕೊಳ್ಳುವ ಜಾಣ್ಮೆಗೆ ಮೂಲ್ಕಿಯ ರಘುನಂದನ ಕಾಮತರು (ನಿಧನ 2024) ಉತ್ತಮ ಉದಾಹರಣೆ. ಅಣ್ಣನ ಹೊಟೇಲಿನಲ್ಲಿ ಪಳಗಿದ ಅವರು 1984ರಲ್ಲಿ ಜುಹುವಿನಲ್ಲಿ ನ್ಯಾಚುರಲ್ಸ್ ತೆರೆದಾಗ ಹಣ್ಣಿನ ಐಸ್‌ಕ್ರೀಮಿನ ಜೊತೆಗೆ ಪಾವ್‌ಭಾಜಿಯನ್ನೂ ಮಾರಿದರು. ಐಸ್‌ಕ್ರೀಮು ನಿಂತುಕೊಂಡ ಬಳಿಕವೇ ಪಾವ್‌ಭಾಜಿಯನ್ನು ಬಿಟ್ಟರು.

ಧೈರ್ಯವನ್ನು ಕುಗ್ಗಿಸಿದ ಸಂಗತಿಗಳೂ ಇದ್ದವು. 1966ರಲ್ಲಿ ಶಿವಸೇನೆ ಸ್ಥಾಪನೆಯಾದ ನಂತರದ ವರ್ಷಗಳಲ್ಲಿ ದಕ್ಷಿಣ ಭಾರತೀಯರ ವಿರುದ್ಧ ನಡೆದ ಚಳವಳಿಯ ಪೆಟ್ಟು ಉಡುಪಿ ಹೊಟೇಲುಗಳ ಮೇಲೂ ಬಿತ್ತು. ಬೀದಿಗೆ ಬೋರ್ಡು ಹಾಕಿಕೊಂಡವನು ಸುಲಭವಾಗಿ ಗುರಿಯಾಗುತ್ತಾನೆ. 1974ರ ಭೂಸುಧಾರಣೆಯ ಬಳಿಕ ಗೇಣಿಯ ಆದಾಯ ನಿಂತ ಮನೆಗಳಿಗೆ ಮುಂಬಯಿಯ ಮನಿಯಾರ್ಡರೇ ಆಧಾರವಾಯಿತು. ತಿಂಗಳು ತಿಂಗಳು ಊರಿಗೆ ಹಣ ಕಳುಹಿಸಲೇಬೇಕಾದವನು ಆರು ತಿಂಗಳು ನಷ್ಟ ತಾಳುವ ವ್ಯಾಪಾರಕ್ಕೆ ಹೇಗೆ ಇಳಿದಾನು? ಹಗಲು ಹೊಟೇಲಿನಲ್ಲಿ ದುಡಿದು, ಗುರುನಾರಾಯಣ, ಮೊಗವೀರ ಮೊದಲಾದ ರಾತ್ರಿಶಾಲೆಗಳಲ್ಲಿ ಕಲಿತವರು ಅನೇಕರು ಬ್ಯಾಂಕು, ವಿಮೆ, ಕಂಪೆನಿಗಳ ನೌಕರಿಯನ್ನೇ ಬಯಸಿದರು.

ನೌಕರಿಯಾದರೂ ನಿಶ್ಚಿಂತೆ ತಂದಿತೇ? ಮುಂಬಯಿಯ ಕಂಪೆನಿಯೊಂದರಲ್ಲೇ ದುಡಿದ ಯಶವಂತ ಚಿತ್ತಾಲರು 1979ರ ‘ಶಿಕಾರಿ’ಯಲ್ಲಿ ಕೆಲಸದಿಂದ ಅಮಾನತಾದ ನಾಗಪ್ಪನ ದಿಗಿಲನ್ನು ಚಿತ್ರಿಸಿದರು. ನಮ್ಮ ಬ್ಯಾಂಕುಗಳನ್ನೇ ನೋಡಿ. 2019ರಲ್ಲಿ ವಿಜಯಾ ಬ್ಯಾಂಕು ಬರೋಡಾದಲ್ಲಿಯೂ, 2020ರಲ್ಲಿ ಕಾರ್ಪೊರೇಷನ್ ಬ್ಯಾಂಕು ಯೂನಿಯನ್‌ನಲ್ಲಿಯೂ ಸಿಂಡಿಕೇಟು ಕೆನರಾದಲ್ಲಿಯೂ ವಿಲೀನವಾದವು. ಸಂಬಳ ನಿಲ್ಲಲಿಲ್ಲ, ಆದರೆ ಊರಿನ ಬ್ಯಾಂಕೆಂದು ಹೇಳಿಕೊಳ್ಳುತ್ತಿದ್ದ ಹೆಸರುಗಳು ಫಲಕದಿಂದ ಇಳಿದವು.

2020ರ ಮಾರ್ಚಿನಲ್ಲಿ ಮುಚ್ಚಿದ ಹೊಟೇಲುಗಳಲ್ಲಿ ಕುಳಿತು ಉಣ್ಣಲು ಮಹಾರಾಷ್ಟ್ರ ಸರಕಾರ ಅನುಮತಿಯಿತ್ತದ್ದು ಅಕ್ಟೋಬರಿನಲ್ಲಿ. ಊರಿನಲ್ಲಿ ಮನೆ ಉಳಿಸಿಕೊಂಡಿದ್ದವರು ಅಲ್ಲಿಗೆ ಹೋಗಿ ದಿನ ಕಳೆದರು. ಮಕ್ಕಳು ಕಂಪ್ಯೂಟರ್ ಕಲಿತು ಬೆಂಗಳೂರು, ಅಮೆರಿಕಗಳನ್ನು ಸೇರಿರುವ ಮನೆಗಳಲ್ಲಿ ಹೊಟೇಲಿಗೆ ಉತ್ತರಾಧಿಕಾರಿಯಿಲ್ಲ. ಈಗ ಅಡಿಗೆಮನೆಗಳಲ್ಲಿ ದೋಸೆ ಹುಯ್ಯುವವರಲ್ಲಿ ಉತ್ತರ ಪ್ರದೇಶ, ಜಾರ್ಖಂಡ್, ನೇಪಾಳದ ಹುಡುಗರೇ ಹೆಚ್ಚು. ಅವರೂ ಹೊಟೇಲಿನಲ್ಲೇ ಉಂಡು, ಅಲ್ಲೇ ಮಲಗಿ, ಮನಿಯಾರ್ಡರಿನ ಬದಲು ಮೊಬೈಲಿನಲ್ಲಿ ಊರಿಗೆ ಹಣ ಕಳುಹಿಸುತ್ತಾರೆ. ಘಾಟ್ಕೋಪರಿನ ಖಾವ್ ಗಲ್ಲಿಯಲ್ಲಿ ಚೀಸು ತುಂಬಿದ ದೋಸೆಗಳನ್ನು ಸ್ವಂತ ಗಾಡಿಯಲ್ಲಿ ಮಾರುವ ಲೆಕ್ಕವನ್ನು ಅವರಲ್ಲಿ ಕೆಲವರಾದರೂ ಈಗಾಗಲೇ ಹಾಕುತ್ತಿರಬಹುದು.